ಅರ್ಧ ಕ್ಲಾಸಿನಲ್ಲಿ, ಅರ್ಧ ಮಾಳಿಗೆ ಮೇಲೆ: ಒಂದು ಕಾಮೆಂಟ್ ಹಾಕಿ ಕೆಟ್ಟೆನಾ?

ಅಣ್ಣಿಗೇರಿ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷ. ಅಣ್ಣಿಗೇರಿ ಹತ್ತಿರದ ಹಳ್ಳಿಯಿಂದ ದಿನಾ ಹುಬ್ಬಳ್ಳಿಗೆ ಓಡಾಡುತ್ತೇನೆ. ಬೆಳಿಗ್ಗೆ ಗದಗ ಕಡೆಯಿಂದ ಬರುವ ರೈಲು, ಆಮೇಲೆ ಸ್ಟೇಷನ್ನಿನಿಂದ ವಿದ್ಯಾನಗರದವರೆಗೆ ಚಿಗರಿ ಬಸ್. ಪ್ರಶ್ನೆ ಸಣ್ಣದು. ಅದರ ಹಿಂದಿನ ಕತೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಈ ಸೆಮಿಸ್ಟರಿಗೆ ನಾವು ಕನ್ನಡ ಬರವಣಿಗೆ ಅನ್ನೋ ಪೇಪರ್ ತಗೊಂಡಿದ್ದೇವೆ, 24 ಜನ. ಕಲಿಸುವ ಮೇಡಮ್ ಗೆಸ್ಟ್ ಲೆಕ್ಚರರ್, ಧಾರವಾಡದಿಂದ ಬರುತ್ತಾರೆ. ಅವರು ಕೈಗೆ ಸಿಗುವುದು ಮಂಗಳವಾರ ಮಾತ್ರ, ಎರಡು ತಾಸು. ಉಳಿದದ್ದೆಲ್ಲ ಆನ್‌ಲೈನ್. ಗುರುವಾರ ರಾತ್ರಿ 10ರೊಳಗೆ ಗೂಗಲ್ ಡಾಕ್ಸ್‌ನಲ್ಲಿ ಬರೆದು ಹಾಕಬೇಕು. ಶನಿವಾರ ಸಂಜೆ ಒಂದು ತಾಸು ಮೀಟ್. ರವಿವಾರದೊಳಗೆ ಗುಂಪಿನ ಇಬ್ಬರ ಬರಹ ಓದಿ ಕಾಮೆಂಟ್ ಹಾಕಬೇಕು. ಕಾಮೆಂಟಿಗೂ 10 ಮಾರ್ಕ್ಸ್ ಇದೆ, ಹಾಗಾಗಿ ಯಾರೂ ತಪ್ಪಿಸುವುದಿಲ್ಲ.

ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮಾಳಿಗೆ ಹತ್ತಬೇಕು. ಮಾಳಿಗೆ ಮೇಲೆ ಈಗ ಬ್ಯಾಡಗಿ ಮೆಣಸಿನಕಾಯಿ ಹರವಿದ್ದಾರೆ. ಮೊದಲ ಮೀಟ್‌ನಲ್ಲಿ ಮೇಡಮ್ ನನ್ನ ಹೆಸರು ಕರೆದರು. ನಾನು ಮೈಕ್ ಆನ್ ಮಾಡಿದೆ. ಗಾಳಿ ಬೀಸಿತು. ಒಂದಾದ ಮೇಲೊಂದು ಏಳು ಸೀನು. ಬರೆದದ್ದು ಒಂದಕ್ಷರ ಓದಲಿಕ್ಕಾಗಲಿಲ್ಲ. ಅವತ್ತಿನಿಂದ ಕ್ಲಾಸಿನಲ್ಲಿ ನನ್ನ ಹೆಸರು ಘಾಟು. ಮೊಬೈಲ್ ಸ್ಕ್ರೀನ್ ಬೇರೆ ಒಡೆದಿದೆ. ಒಡೆದ ಜಾಗದಲ್ಲೇ 'ಳ' ಬರುತ್ತದೆ, ನಾಲ್ಕು ಸಲ ಒತ್ತಿದರೆ ಒಂದು ಸಲ ಮೂಡುತ್ತದೆ. ಅದಕ್ಕೇ ನನ್ನ ಬರಹದಲ್ಲಿ ಮಳೆ ಕಡಿಮೆ.

ಇಷ್ಟಾದರೂ ಮಂಗಳವಾರದ ಕ್ಲಾಸಿಗಿಂತ ನನಗೆ ಮಾಳಿಗೆಯೇ ಇಷ್ಟ. ಕ್ಲಾಸಿನಲ್ಲಿ ನಾನು ಬಾಯಿ ಬಿಡುವುದಿಲ್ಲ. ಹುಬ್ಬಳ್ಳಿ ಹುಡುಗಿಯರು ಪಟಪಟ ಮಾತಾಡುತ್ತಾರೆ. ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಇನ್ನೆಲ್ಲೋ ಹೋಗಿರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾಳಿಗೆ ಮೇಲೆ ಕೂತರೆ ನಾನೇ ಬೇರೆ. ಹೆಬ್ಬೆರಳು ತಾನಾಗಿ ಓಡುತ್ತದೆ.

ಮೊದಲ ವಾರ ಊರಿನ ಒಂದು ದಿನದ ಬಗ್ಗೆ ಬರೆಯಿರಿ ಅಂದಿದ್ದರು. ನಾನು ಸೀಗಿ ಹುಣ್ಣಿಮೆ ತಗೊಂಡೆ. 'ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟ ಮಾಡಿ ಬಂದೆವು' ಅಂತ ಒಂದೇ ಸಾಲಿನಲ್ಲಿ ಹೊಲದ ಕೆಲಸ ಮುಗಿಸಿದ್ದೆ. ನಮ್ಮ ಗುಂಪಿನಲ್ಲಿ ಕೇಶ್ವಾಪುರದ ಹುಡುಗಿ ಒಬ್ಬಳಿದ್ದಾಳೆ. ಅವಳು ಆ ಪದ ಹಿಡಿದು 'ಚರಗ ಅಂದ್ರೆ ಏನು?' ಅಂತ ಕಾಮೆಂಟ್ ಹಾಕಿದಳು. ನಗು ಬಂತು. ಚರಗ ಗೊತ್ತಿಲ್ಲದವರೂ ಇರ್ತಾರಾ? ಆಮೇಲೆ ಹೇಳಲು ಕೂತೆ. ತೆನೆ ಕಟ್ಟುವ ಹೊತ್ತಿಗೆ ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಅಂತ. ಸಜ್ಜಿ ಕಡುಬು, ಹೋಳಿಗೆ, ಪುಂಡಿಪಲ್ಯ ಎಲ್ಲ ಒಂದೇ ಬುಟ್ಟಿಯಲ್ಲಿ ಕಲಸುವುದು. ಅಪ್ಪ ಮುಂದೆ ಚೆಲ್ಲುತ್ತಾ ಹೋಗುವುದು, ಕಾಕಾ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತಾ ಬರುವುದು. ಅಜ್ಜಿ ಬನ್ನಿ ಗಿಡದ ಕೆಳಗೆ ಕೂತಲ್ಲಿಂದಲೇ 'ಬದುವಿಗೂ ಮುಟ್ಟಸ್ರೋ' ಅಂತ ಒದರುವುದು. ಮೇಡಮ್ ಮಂಗಳವಾರ ಓದಿದ್ದು ಆ ಭಾಗವನ್ನು ಮಾತ್ರ. ಉಳಿದದ್ದನ್ನು ಓದಲೇ ಇಲ್ಲ. ನನಗೂ ಉಳಿದದ್ದು ಬೇಡ ಅನಿಸಿತು.

ಅಲ್ಲಿಂದ ಕಾಮೆಂಟ್ ಅಂದರೆ ನನಗೆ ಹುಚ್ಚು ಹಿಡಿಯಿತು ಅನ್ನಿ.

ಈಗ ತಪ್ಪಿಗೆ ಬರುತ್ತೇನೆ. ಗುಂಪಿನಲ್ಲಿ ಗದಗ-ಬೆಟಗೇರಿಯ ಹುಡುಗ ಒಬ್ಬನಿದ್ದಾನೆ. ನಾವಿಬ್ಬರೂ ಒಂದೇ ರೈಲಿನವರು. ಅವನು ಗದಗಿನಲ್ಲಿ ಹತ್ತಿ ನನಗೊಂದು ಸೀಟ್ ಹಿಡಿದಿರುತ್ತಿದ್ದ. ಹೋದ ವಾರ ಮನೆಯ ಒಬ್ಬರ ಬಗ್ಗೆ ಬರೆಯಬೇಕಿತ್ತು. ಅವನು ಅಪ್ಪನ ಬಗ್ಗೆ ಬರೆದ. ಅವರಪ್ಪ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುತ್ತಿದ್ದವರು. ಆದರೆ ಬರಹ ಹೀಗಿತ್ತು: 'ನನ್ನ ತಂದೆಯವರು ಶ್ರಮಜೀವಿಗಳು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ದುಡಿದು ನಮ್ಮನ್ನು ಸಾಕಿದರು. ಅವರ ತ್ಯಾಗವನ್ನು ವರ್ಣಿಸಲು ಪದಗಳಿಲ್ಲ.' ಎರಡು ಪುಟ ಇದೇ.

ನಾನು ರಾತ್ರಿ 11:40ಕ್ಕೆ ಕೊನೆಯ ಸಾಲು ಹಿಡಿದು ಹೀಗೆ ಬರೆದೆ: 'ಪದಗಳಿಲ್ಲ ಅಂದ್ರೆ ಬರೆಯೋದು ಯಾಕೆ? ನಿಮ್ಮಪ್ಪ ಇದರಲ್ಲಿ ಎಲ್ಲೂ ಕಾಣಿಸ್ತಿಲ್ಲ.'

ಬರೆದು ಮಲಗಿದೆ. ಸುಳ್ಳು ಯಾಕೆ ಹೇಳಲಿ, ಖುಷಿಯಿಂದಲೇ ಮಲಗಿದೆ. ಬೆಳಿಗ್ಗೆ ನೋಡಿದರೆ ಅವನು ಟಿಕ್ ಒತ್ತಿ ಕಾಮೆಂಟ್ ಮುಚ್ಚಿಬಿಟ್ಟಿದ್ದ. ಉತ್ತರ ಇಲ್ಲ. ಸೋಮವಾರ ರೈಲಿನಲ್ಲಿ ನಮ್ಮ ಡಬ್ಬಿಯಲ್ಲಿ ಅವನಿರಲಿಲ್ಲ. ಮಂಗಳವಾರ ಕ್ಲಾಸಿನಲ್ಲಿ ಬೆಂಚ್ ಬದಲಿಸಿ ಕೂತ. ಅದೇ ಮಾತನ್ನು ಎದುರಿಗೆ ಕೂತು ಹೇಳಿದ್ದರೆ ನಗುತ್ತಲೇ ಹೇಳಿರುತ್ತಿದ್ದೆ, ಅವನೂ ನಗುತ್ತಿದ್ದ. ಅಥವಾ ಹೇಳುತ್ತಲೇ ಇರಲಿಲ್ಲ, ಅದೂ ನಿಜ.

ಕಾಮೆಂಟ್ ಡಿಲೀಟ್ ಮಾಡಲಾ? ಇನ್ನೊಂದು ವಿಷಯ: ಮೊಬೈಲ್ ತೊಂದರೆ ಇದ್ದವರು ಹಾಳೆಯಲ್ಲೇ ಬರೆದು ಮಂಗಳವಾರ ಕೊಡಬಹುದು, ಅವರಿಗೆ ಕಾಮೆಂಟ್ ಕೆಲಸ ಇಲ್ಲ ಅಂತ ಮೇಡಮ್ ಹೇಳಿದ್ದಾರೆ. ಏಳು ಜನ ಹಾಗೆ ಮಾಡುತ್ತಿದ್ದಾರೆ. ಈ ಶನಿವಾರದೊಳಗೆ ಹೆಸರು ಕೊಡಬೇಕು. ನಾನೂ ಹಾಳೆಗೆ ಹೋಗಿಬಿಡಲಾ ಅನಿಸುತ್ತಿದೆ. ಹೀಗೆ ಅರ್ಧ ಆನ್‌ಲೈನ್ ಕಲಿತವರು ಇದ್ದರೆ ಹೇಳಿ.

ಸಪ್ತಾಪುರ ರೂಮ್‌ಮೇಟ್

ಡಿಲೀಟ್ ಮಾಡಿ ಏನೂ ಉಪಯೋಗ ಇಲ್ಲ. ನೀವು ಕಾಮೆಂಟ್ ಹಾಕಿದಾಗಲೇ ಅದು ಮೇಲ್ ಆಗಿ ಡಾಕ್ಯುಮೆಂಟ್ ಯಜಮಾನನಿಗೆ ಹೋಗಿರುತ್ತದೆ, ಪೂರ್ತಿ ಮಾತಿನ ಸಮೇತ. ಇಲ್ಲಿ ಅಳಿಸಿದರೂ ಅಲ್ಲಿ ಇರುತ್ತದೆ. ಅಳಿಸಿದರೆ 'ಹೇಳಿ ಓಡಿಹೋದಳು' ಅಂತ ಇನ್ನೊಂದು ಸೇರುತ್ತದೆ ಅಷ್ಟೇ.

ನಾನು ಧಾರವಾಡದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಡಿಗ್ರಿಯಲ್ಲಿ ನಮಗೂ ಇಂಥದ್ದೇ ಕ್ಲಾಸ್ ಇತ್ತು. ನನ್ನ ಕತೆ ಉಲ್ಟಾ. ನನ್ನ ಒಂದು ಬರಹಕ್ಕೆ ಹನ್ನೊಂದು ಕಾಮೆಂಟ್ ಬಂದವು. ಹನ್ನೊಂದೂ 'ಸೂಪರ್', 'ಮಸ್ತ್', 'ಚೆನ್ನಾಗಿದೆ'. ಒಬ್ಬ ಬರೀ ಹೆಬ್ಬೆರಳು ಕಳಿಸಿದ್ದ. ಅವರಲ್ಲಿ ನಾಲ್ಕು ಜನ ಬರಹ ತೆರೆದೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಯಾಕೆಂದರೆ ನಾನು ತಪ್ಪಿ ಬೇರೆಯದೇ ಫೈಲ್ ಹಾಕಿದ್ದೆ, ಮೆಸ್ಸಿನ ಲೆಕ್ಕದ ಹಾಳೆ. ತಿಂಗಳಿನ ಅಕ್ಕಿ ಬೇಳೆ ಲೆಕ್ಕಕ್ಕೆ 'ಮನಮುಟ್ಟುವಂತಿದೆ' ಅಂತ ಬರೆದಿದ್ದರು. ಮೆಸ್ಸಿನ ಬಿಲ್ ನೋಡಿದರೆ ಮನಸ್ಸಿಗೆ ಮುಟ್ಟುತ್ತದೆ, ಅದು ಬೇರೆ ಮಾತು.

ಅದರ ಮುಂದೆ ನಿಮ್ಮ ಕಾಮೆಂಟ್ ಎಷ್ಟೋ ವಾಸಿ. ನೀವು ಓದಿದ್ದೀರಿ. ಆದರೆ ಗಂಟೆ 11:40 ಇದೆ ನೋಡಿ, ಅಲ್ಲೇ ತಪ್ಪಿದ್ದು. ಎರಡನೇ ಸಾಲು ಒಂದೇ ಇದ್ದಿದ್ದರೆ ಅವನು ತಡಕೊಳ್ಳುತ್ತಿದ್ದ. 'ಬರೆಯೋದು ಯಾಕೆ' ಅನ್ನೋದು ಚುಚ್ಚಿದೆ.

ನಮ್ಮ ರೂಮಿನಲ್ಲಿ ಒಂದು ಪದ್ಧತಿ ಇತ್ತು. ಕಾಮೆಂಟನ್ನು ರಾತ್ರಿ ಬೇರೆ ಕಡೆ ಬರೆದಿಡುವುದು, ಬೆಳಿಗ್ಗೆ ಚಹಾ ಆದ ಮೇಲೆ ರೂಮ್‌ಮೇಟ್ ಕೈಗೆ ಕೊಡುವುದು. ಅವನು ಸಿನಿಮಾ ವಿಲನ್ ಧ್ವನಿಯಲ್ಲಿ ಜೋರಾಗಿ ಓದುತ್ತಾನೆ. ವಿಲನ್ ಓದಿದರೂ ಕೆಟ್ಟದಾಗಿ ಕೇಳದಿದ್ದರೆ ಹಾಕುವುದು. ಸ್ಕ್ರೀನ್ ಮೇಲೆ ಓದುವವನು ನಮ್ಮ ಧ್ವನಿಯಲ್ಲಿ ಓದುವುದಿಲ್ಲ, ಅವನಿಗೆ ಅವತ್ತು ಯಾವ ಧ್ವನಿ ಕೇಳುತ್ತಿದೆಯೋ ಅದರಲ್ಲೇ ಓದುತ್ತಾನೆ.

ಹಾಳೆಗೆ ಮಾತ್ರ ಹೋಗಬೇಡಿ. ಅಲ್ಲಿ ಓದುವವರು ಮೇಡಮ್ ಒಬ್ಬರೇ. ಚರಗ ಅಂದ್ರೆ ಏನು ಅಂತ ಅವರು ಯಾಕೆ ಕೇಳುತ್ತಾರೆ? ಅವರಿಗೆ ಗೊತ್ತಿರುತ್ತದಲ್ಲ.

ಅಣ್ಣಿಗೇರಿ ಪ್ಯಾಸೆಂಜರ್

ಮೇಲ್ ಹೋಗುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನನ್ನ ಮೇಲ್ ನಾನು ಯಾವತ್ತೂ ತೆರೆದೇ ಇಲ್ಲ.

ಈಗ ಇನ್ನೊಂದು ನೆನಪಾಗಿ ಹೊಟ್ಟೆಯಲ್ಲಿ ಕಸಿವಿಸಿ. ಅವನ ಹತ್ತಿರ ಸ್ವಂತ ಸ್ಮಾರ್ಟ್‌ಫೋನ್ ಇಲ್ಲ. ಇರುವುದು ಕೀಪ್ಯಾಡ್ ಸೆಟ್. ಮೀಟ್‌ಗೆ ಬಂದಾಗಲೆಲ್ಲ ಬೇರೆ ಯಾವುದೋ ಹಿರಿಯರ ಫೋಟೋ ಇರುತ್ತಿತ್ತು. ಅದು ಅವರಪ್ಪನ ಫೋನ್ ಇರಬೇಕು. ಹಾಗಾದರೆ ಆ ಮೇಲ್...

ಗ್ಯಾಲಿ ಪ್ರೂಫ್

ತಂಗಿ, ನಾನು ಗದಗಿನವನು. ವಯಸ್ಸು 67. ಪ್ರೆಸ್ಸುಗಳಲ್ಲಿ ಪ್ರೂಫ್ ನೋಡುತ್ತಾ ಕಣ್ಣು ಕಳೆದುಕೊಂಡವನು. ನಮ್ಮೂರನ್ನು ಮುದ್ರಣ ಕಾಶಿ ಅನ್ನುತ್ತಿದ್ದರು. ಪಂಚಾಂಗ, ಪುರಾಣ, ನಾಟಕ, ಲಗ್ನಪತ್ರಿಕೆ ಎಲ್ಲ ಇಲ್ಲಿಂದಲೇ ಹೋಗುತ್ತಿದ್ದವು. ನಿನ್ನ ಪ್ರಶ್ನೆ ಓದಿ ಕೈ ತಡೆಯಲಿಲ್ಲ. ಮೊಮ್ಮಗಳ ಸಹಾಯದಿಂದ ಟೈಪ್ ಮಾಡಿಸುತ್ತಿದ್ದೇನೆ.

ನೀವು ಈಗ ಕಾಮೆಂಟ್ ಅನ್ನುವುದನ್ನು ನಾನು ಇಪ್ಪತ್ತೆಂಟು ವರ್ಷ ಹಾಳೆಯ ಅಂಚಿನಲ್ಲಿ ಮಾಡಿದ್ದೇನೆ. ಕಂಪೋಸಿಟರ್ ಮೊಳೆ ಜೋಡಿಸಿ ಗ್ಯಾಲಿ ಅನ್ನುವ ಉದ್ದ ತಟ್ಟೆಯಲ್ಲಿ ಇಡುತ್ತಿದ್ದ. ಅದಕ್ಕೆ ಮಸಿ ಸವರಿ ಒಂದು ಪ್ರತಿ ತೆಗೆದು ನನಗೆ ಕೊಡುತ್ತಿದ್ದರು. ನಾನು ಗುರುತು ಹಾಕಬೇಕು. ತೆಗೆಯುವುದಕ್ಕೆ ಬಾಲ ಸುತ್ತಿದ ಒಂದು ಗುರುತು, ಸೇರಿಸುವುದಕ್ಕೆ ಕೆಳಗಿನಿಂದ ಒಂದು ಮೊನೆ, ಅಕ್ಷರ ಅದಲುಬದಲಾಗಿದ್ದರೆ ಹಾವಿನ ಹಾಗೆ ಒಂದು ಗೆರೆ. ಮಾತಿಲ್ಲ. ಒಂದು ಸಲ ಮಾತ್ರ ಬೇಸಿಗೆಯ ಮಧ್ಯಾಹ್ನ, ಒಂದೇ ಪುಟದಲ್ಲಿ ಹದಿನಾಲ್ಕು ತಪ್ಪು ಸಿಕ್ಕಿ ನನಗೂ ನೆತ್ತಿಗೇರಿ ಅಂಚಿನಲ್ಲಿ 'ಏನಿದು?' ಅಂತ ಬರೆದೆ. ಅಷ್ಟೇ. ಆ ಕಂಪೋಸಿಟರ್ ಹದಿನೈದು ದಿನ ನನ್ನ ಜೊತೆ ಚಹಾಕ್ಕೆ ಬರಲಿಲ್ಲ. ಆಮೇಲೆ ಫೋರ್‌ಮನ್ ಕರೆದು, 'ಅಂಚು ಇರೂದು ಗುರ್ತು ಹಾಕಾಕ, ಜಗಳಾ ತೆಗ್ಯಾಕಲ್ಲ' ಅಂದ.

ಇನ್ನೊಂದು ಗುರುತು ಇತ್ತು, ಅದು ನನಗೆ ಬಹಳ ಇಷ್ಟ. ನಾನೇ ತಪ್ಪು ಅಂತ ಹೊಡೆದುಹಾಕಿದ ಪದ ಆಮೇಲೆ ಸರಿ ಅನಿಸಿದರೆ, ಆ ಪದದ ಕೆಳಗೆ ಸಾಲಾಗಿ ಚುಕ್ಕಿ ಇಡುವುದು. ಅಂಚಿನಲ್ಲಿ 'ಸ್ಟೆಟ್' ಅಂತ ಬರೆಯುವುದು. ಇದ್ದ ಹಾಗೇ ಇರಲಿ ಅಂತ ಅರ್ಥ. ಪ್ರೂಫ್ ನೋಡುವವನು ತನ್ನ ತಪ್ಪು ಒಪ್ಪಿಕೊಳ್ಳುವ ಗುರುತು ಅದೊಂದೇ.

ಆ ಹುಡುಗನ ಅಪ್ಪ ಕಂಪೋಸಿಟರ್ ಅಂದರೆ ಕೇಳಬೇಕಾದ್ದು ಬಹಳ ಇದೆ. ಕನ್ನಡಕ್ಕೆ ಇಂಗ್ಲಿಷಿನ ಹಾಗೆ 26 ಅಕ್ಷರದ ಲೆಕ್ಕವಲ್ಲ. ಕಾಗುಣಿತ, ಒತ್ತಕ್ಷರ ಸೇರಿ ಮೊಳೆಯ ಪೆಟ್ಟಿಗೆಯಲ್ಲಿ ನೂರಾರು ಮನೆ. ಕಣ್ಣು ಹಸ್ತಪ್ರತಿಯ ಮೇಲೆ, ಬಲಗೈ ತಾನಾಗಿ ಮನೆಗೆ ಹೋಗಿ ಮೊಳೆ ತರುತ್ತಿತ್ತು. ಎಡಗೈಯಲ್ಲಿ ಸಾಲು ಜೋಡಿಸುವ ಪಟ್ಟಿ, ಸ್ಟಿಕ್ಕು. ಜೋಡಿಸಿದ ಸಾಲು ಜಾರದಂತೆ ಎಡಗೈ ಹೆಬ್ಬೆರಳು ಒತ್ತಿ ಹಿಡಿದಿರಬೇಕು, ದಿನವಿಡೀ. ಅವರ ಎಡಗೈ ಹೆಬ್ಬೆರಳು ಹೇಗಿದೆ ಅಂತ ನೀನು ಕೇಳಿದ್ದರೆ ಹುಡುಗ ಹೋಗಿ ನೋಡುತ್ತಿದ್ದ. ನೋಡಿದರೆ ಬರೆಯುತ್ತಿದ್ದ. ನೀನು ಇಲ್ಲ ಅಂದೆ, ಏನು ಬೇಕು ಅನ್ನಲಿಲ್ಲ.

ಹಾಗಂತ ಬಹಳ ಹಚ್ಚಿಕೊಳ್ಳಬೇಡ. ನಮ್ಮೂರ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಅನ್ನುತ್ತಾರಲ್ಲ, ಆ ಕುಮಾರವ್ಯಾಸ ಒಮ್ಮೆ ಬರೆದ ಪದ ಅಳಿಸುವವನಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅಂಥವನು ಒಬ್ಬನೇ. ಉಳಿದ ನಾವೆಲ್ಲ ಪ್ರೂಫಿನವರು.

ಗಿರ್ಮಿಟ್ ಪ್ರಿಯ

ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್. ಜಗತ್ತಿನಲ್ಲೇ ಉದ್ದ. ಅಷ್ಟು ದೂರ ಜೊತೆಗೆ ನಡೆದರೂ ಮಾತು ಬರಲಿಲ್ಲ ಅಂದರೆ ಹೊರಗೆ ಬಂದು ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ಕೊಡಿಸಿ. ಇದಕ್ಕೆಲ್ಲ ಗೂಗಲ್ ಯಾಕ್ರಿ?

ಹಾವೇರಿ ಮಾಸ್ತರ

ನಾನು ಇಂಥ ಕ್ಲಾಸನ್ನು ಕಲಿಸುವ ಕಡೆಯವನು. ಹಾಗಾಗಿ ಸ್ವಲ್ಪ ಬೇರೆ ಮಾತು.

ಮೊದಲು ಗ್ಯಾಲಿ ಪ್ರೂಫ್ ಹಿರಿಯರ ಒಂದು ಮಾತಿಗೆ ನನ್ನ ತಕರಾರಿದೆ, ಸಿಟ್ಟಾಗಬೇಡಿ ರೀ. ಪ್ರೂಫ್ ನೋಡುವುದು ಬೇರೆ, ಓದುವುದು ಬೇರೆ. ಅಂಚಿನಲ್ಲಿ ಬರೀ ಗುರುತು ಹಾಕಿದರೆ ಕಾಗುಣಿತ ಸರಿಹೋದೀತು, ಅಪ್ಪ ಬರುವುದಿಲ್ಲ. ಈ ಹುಡುಗಿ ಬರೆದ ಎರಡನೇ ಸಾಲು ನಿಜವಾದ ಓದುಗಳ ಮಾತು. ನನ್ನ 40 ಮಕ್ಕಳಲ್ಲಿ ಅಂಥ ಸಾಲು ಬರೆಯುವವರು ಇಬ್ಬರಿದ್ದರೆ ದೊಡ್ಡದು. ಎಡಗೈ ಹೆಬ್ಬೆರಳಿನ ಪ್ರಶ್ನೆ ಮಾತ್ರ ನಾನು ಕದಿಯುತ್ತೇನೆ.

ಕರೋನಾ ಕಾಲದಲ್ಲಿ ಎಲ್ಲ ಆನ್‌ಲೈನ್ ಆಯಿತಲ್ಲ, 2021ರ ಮೇ ತಿಂಗಳಲ್ಲಿ ಯುಜಿಸಿ ಒಂದು ಕರಡು ತಂದಿತು. ಒಂದು ಕೋರ್ಸಿನ ಶೇ 40ರವರೆಗೆ ಆನ್‌ಲೈನ್ ಕಲಿಸಬಹುದು ಅಂತ. ಆಮೇಲೆ ಹಲವು ಕಡೆ ಇದು ಬಂದದ್ದು ಕೋಣೆ ಸಾಲದ್ದಕ್ಕೆ, ಮಾಸ್ತರು ಸಾಲದ್ದಕ್ಕೆ. ನಿಮ್ಮ ಮೇಡಮ್ ವಾರಕ್ಕೊಮ್ಮೆ ಬರುವುದೂ ಅದಕ್ಕೇ ಇರಬಹುದು. ಆದರೆ ಬರವಣಿಗೆ ಮಟ್ಟಿಗೆ ಇದು ಕೆಟ್ಟದ್ದಲ್ಲ ಅಂತ ನನ್ನ ಅನುಭವ. ಕ್ಲಾಸಿನಲ್ಲಿ ಮಾತಾಡುವವರು ಅದೇ ಐದು ಜನ. ಡಾಕ್ಸ್‌ನಲ್ಲಿ ಬಾಯಿ ಇಲ್ಲದವರಿಗೆ ಬಾಯಿ ಬರುತ್ತದೆ. ನೀವೇ ಸಾಕ್ಷಿ.

ಇದರಲ್ಲಿರುವ ಮೋಸ ಒಂದೇ, ಮುಖ ಕಾಣುವುದಿಲ್ಲ. ಎರಡು ವರ್ಷದ ಹಿಂದೆ ಸವಣೂರು ಕಡೆಯ ಹುಡುಗ ಒಬ್ಬ ಸೈಬರ್ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಬರೆಸಿಕೊಂಡು ಬಂದು ಡಾಕ್ಸ್‌ಗೆ ಅಂಟಿಸಿದ. ನುಡಿಯ ಹಳೆಯ ಅಕ್ಷರ ಯೂನಿಕೋಡ್ ಅಲ್ಲವಲ್ಲ. ಆ ಫಾಂಟ್ ಇಲ್ಲದ ಕಡೆ ಪೌಂಡಿನ ಚಿಹ್ನೆ, ಡಿಗ್ರಿ ಚಿಹ್ನೆ, ಇಂಗ್ಲಿಷ್ ಅಕ್ಷರ ಎಲ್ಲ ಚಿತ್ರಾನ್ನ ಕಲಸಿದ ಹಾಗೆ ಕಾಣುತ್ತದೆ. ಅವನ ಫೋನಿನಲ್ಲಿ ಅವನು ತೆರೆದು ನೋಡಿರಲಿಲ್ಲ. ಒಬ್ಬಳು ಕಾಮೆಂಟ್ ಹಾಕಿದಳು: 'ಇದು ಯಾವ ಭಾಷೆ?' ಅವಳು ಕೇಳಿದ್ದು ಫಾಂಟಿನ ಬಗ್ಗೆ. ಅವನು ಬರೆದಿದ್ದು ಮನೆ ಮಾತಿನಲ್ಲಿ, ಹೊಂಟೀನಿ, ಬಂದೀನಿ ಅಂತ. ತನ್ನ ಭಾಷೆಗೆ ನಕ್ಕಳು ಅಂದುಕೊಂಡ. ಎರಡು ವಾರ ಕ್ಲಾಸಿಗೇ ಬರಲಿಲ್ಲ. ನಾನು ಅವನ ಊರಿಗೆ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ನುಡಿಯಿಂದ ಯೂನಿಕೋಡ್‌ಗೆ ಬದಲಿಸಲು ಒಂದು ನಿಮಿಷ ಸಾಕಿತ್ತು, ಅವನ ಮನಸ್ಸು ಸರಿಯಾಗಲು ಸೆಮಿಸ್ಟರ್ ಪೂರ್ತಿ ಹಿಡಿಯಿತು.

ಅವತ್ತಿನಿಂದ ನಾನೊಂದು ಬದಲಾವಣೆ ಮಾಡಿದೆ. ಬರೆದವನು ತನ್ನ ಬರಹವನ್ನು ಮೊದಲು ಕ್ಲಾಸಿನಲ್ಲಿ ತಾನೇ ಓದಬೇಕು. ಕಾಮೆಂಟ್ ಆಮೇಲೆ. ಒಮ್ಮೆ ಧ್ವನಿ ಕೇಳಿದ ಮೇಲೆ ಯಾರೂ 11:40ಕ್ಕೆ ಹಾಗೆ ಬರೆಯುವುದಿಲ್ಲ. ನಿಮ್ಮ ಮೇಡಮ್‌ಗೆ ಇದನ್ನು ಹೇಳಿ ನೋಡಿ. ಸೂಪರ್ ಅಂತ ಬರೆದರೆ ನನ್ನಲ್ಲಿ ಸೊನ್ನೆ ಮಾರ್ಕ್ಸ್, ಅದನ್ನೂ ಹೇಳಿ.

ಮೆಣಸಿನಕಾಯಿಗೆ ಒಂದು ಉಪಾಯ. ಡಾಕ್ಸ್ ಆ್ಯಪ್‌ನಲ್ಲಿ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಆಫ್‌ಲೈನ್ ಇಟ್ಟುಕೊಳ್ಳುವ ಆಯ್ಕೆ ಬರುತ್ತದೆ. ಮಾಳಿಗೆ ಮೇಲೆ ಒಮ್ಮೆ ಅದನ್ನು ಹಾಕಿಕೊಂಡು ಕೆಳಗಿಳಿದು ಪಡಸಾಲೆಯಲ್ಲಿ ಕೂತು ಬರೆಯಿರಿ. ಆಮೇಲೆ ನೆಟ್‌ವರ್ಕ್ ಸಿಕ್ಕಾಗ ಅದೇ ಮೇಲಕ್ಕೆ ಹೋಗುತ್ತದೆ. ಸೀನು ಬಂದರೂ ಯಾರಿಗೂ ಕೇಳುವುದಿಲ್ಲ.

ಅಣ್ಣಿಗೇರಿ ಪ್ಯಾಸೆಂಜರ್

ಹನ್ನೆರಡು ದಿನ ಆಯಿತು. ಎಲ್ಲರಿಗೂ ಉತ್ತರ ಕೊಡಬೇಕಿತ್ತು, ಇಂಟರ್ನಲ್ಸ್ ನಡೆದಿತ್ತು.

ಹಾಳೆಗೆ ಹೆಸರು ಕೊಡಲಿಲ್ಲ.

ಅವನು ಕೊನೆಯ ಡಬ್ಬಿಯಲ್ಲಿ ಕೂರುತ್ತಾನೆ ಅಂತ ಗೊತ್ತಾಗಿ ಅಣ್ಣಿಗೇರಿಯಲ್ಲಿ ಅಲ್ಲಿಗೇ ಓಡಿ ಹತ್ತಿದೆ. ಹುಬ್ಬಳ್ಳಿ ತನಕ ನಿಂತೇ ಬಂದೆ, ಮಾತು ಬರಲಿಲ್ಲ. ಇಳಿದ ಮೇಲೆ ಗಿರ್ಮಿಟ್ ಪ್ರಿಯ ಅವರು ಹೇಳಿದ್ದು ನೆನಪಾಯಿತು. ಕೊನೆಯ ಡಬ್ಬಿಯಿಂದ ಹೊರಗಿನ ಗೇಟಿಗೆ ನಿಜವಾಗಲೂ ಬಹಳ ದೂರ ಇದೆ. ಅರ್ಧ ದಾರಿಯಲ್ಲಿ 'ಸಿಟ್ಟೇನು?' ಅಂದೆ. 'ಹೌದು' ಅಂದ. ಮತ್ತೆ ಅರ್ಧ ದಾರಿ ಸುಮ್ನೆ.

ಆಮೇಲೆ ಹೇಳಿದ. ಮೇಲ್ ಹೋದದ್ದು ಅವರಪ್ಪನ ಫೋನಿಗೇ. ರಾತ್ರಿ ಟಿಣ್ ಅಂದಿದೆ. ಅವರಪ್ಪ ಎದ್ದು ಕನ್ನಡಕ ಹಾಕಿಕೊಂಡು ಓದಿದ್ದಾರೆ. 'ನಿಮ್ಮಪ್ಪ ಇದರಲ್ಲಿ ಎಲ್ಲೂ ಕಾಣಿಸ್ತಿಲ್ಲ.' ಮಗನನ್ನು ಎಬ್ಬಿಸಿ ಪೂರ್ತಿ ಬರಹ ಓದಿಸಿದ್ದಾರೆ, ರಾತ್ರಿ ಹನ್ನೆರಡಕ್ಕೆ. ತನ್ನ ಬಗ್ಗೆ ಮಗ ಬರೆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಅವನಿಗೆ ಸಿಟ್ಟು ಬಂದದ್ದು ಅದಕ್ಕೆ. ಅಪ್ಪನ ಎದುರಿಗೆ ಕೂತು 'ಅವರ ತ್ಯಾಗವನ್ನು ವರ್ಣಿಸಲು ಪದಗಳಿಲ್ಲ' ಅಂತ ಜೋರಾಗಿ ಓದಬೇಕಾಯಿತಲ್ಲ, ಅದಕ್ಕೆ. ನನಗೆ ಅಲ್ಲೇ ನೆಲ ಬಿರಿದು ನುಂಗಬಾರದಾ ಅನಿಸಿತು. ಅವರು ಏನಂದರು ಅಂತ ಕೇಳಿದೆ. 'ಪದಾ ಇಲ್ಲಂತ ಯಾಕ ಬರದೀಪಾ, ಪೆಟಗೀ ತುಂಬ ಇದ್ದುವಲ್ಲ' ಅಂದರಂತೆ.

ಅವತ್ತು ಸಂಜೆ ಗ್ಯಾಲಿ ಪ್ರೂಫ್ ಅವರು ಬರೆದದ್ದನ್ನು ಅವನಿಗೆ ಕಳಿಸಿದೆ. ಹೆಬ್ಬೆರಳಿನ ಪ್ರಶ್ನೆಯನ್ನು ನನ್ನದು ಅಂತ ಹೇಳಿಕೊಳ್ಳಲಿಲ್ಲ.

ಹೋದ ಗುರುವಾರ ಅವನು ಎರಡನೇ ಸಲ ಬರೆದು ಹಾಕಿದ. ಹೆಬ್ಬೆರಳು ಇದೆ, ಉಗುರಿನ ಒಂದು ಮೂಲೆ ಸವೆದು ಚಪ್ಪಟೆ ಆಗಿದೆಯಂತೆ. ಆದರೆ ನನಗೆ ಇಷ್ಟವಾದದ್ದು ಬೇರೆ. ಸ್ಟಿಕ್ಕಿನಲ್ಲಿ ಅಕ್ಷರ ತಲೆಕೆಳಗಾಗಿ ಕಾಣುತ್ತವಂತೆ, ಕಂಪೋಸಿಟರ್ ಹಾಗೇ ಓದಬೇಕು. ಆ ರೂಢಿ ಹೋಗಿಲ್ಲ. ಬೆಟಗೇರಿಯ ಚಹಾದ ಅಂಗಡಿಯಲ್ಲಿ ಎದುರಿನವರು ಪೇಪರ್ ಹಿಡಿದು ಕೂತರೆ, ಅವರಪ್ಪ ಈ ಕಡೆಯಿಂದಲೇ ತಲೆಕೆಳಗಾದ ಸುದ್ದಿ ಓದಿ ಮುಗಿಸಿ, 'ಹಾಳಿ ತಿರುವ್ರಿ' ಅನ್ನುತ್ತಾರಂತೆ. ಪೇಪರ್ ಹಿಡಿದವರು ಇನ್ನೂ ಮೇಲಿನ ಅರ್ಧದಲ್ಲೇ ಇರುತ್ತಾರೆ. ತ್ಯಾಗ ಅನ್ನೋ ಪದ ಎಲ್ಲೂ ಇಲ್ಲ. ಮೇಡಮ್ ಮಂಗಳವಾರ ಅವನ ಕೈಯಲ್ಲೇ ಓದಿಸಿದರು. ಹಾವೇರಿ ಮಾಸ್ತರು ಹೇಳಿದ್ದನ್ನು ನಾನು ಅವರಿಗೆ ಮೆಸೇಜ್ ಮಾಡಿದ್ದೆ. ಕ್ಲಾಸಿನಲ್ಲಿ ಎದ್ದು ನಿಂತು ಹೇಳಲು ಇನ್ನೂ ಧೈರ್ಯ ಬಂದಿಲ್ಲ.

ಮೆಣಸಿನಕಾಯಿ ಚೀಲ ತುಂಬಿ ಬ್ಯಾಡಗಿಗೆ ಕಳಿಸಿಯಾಯಿತು. ಮಾಳಿಗೆ ಖಾಲಿ. ಆದರೂ ಅದರ ಘಾಟು ನಾಲ್ಕು ದಿನ ಇರುತ್ತದೆ.

ಒಂದು ಕೇಳಬೇಕಿತ್ತು ಗ್ಯಾಲಿ ಪ್ರೂಫ್ ಅಜ್ಜಾರ. ಅವನು ಮುಚ್ಚಿದ್ದ ಆ ಹಳೆಯ ಕಾಮೆಂಟ್ ನಿನ್ನೆ ಮತ್ತೆ ತೆರೆದಿದೆ. ಕೆಳಗೆ ಉತ್ತರದ ಜಾಗದಲ್ಲಿ ಬರೀ ಚುಕ್ಕಿಗಳಿವೆ, ಒಂದು ಸಾಲು ಪೂರ್ತಿ. ಸಮಯ ಬೆಳಿಗ್ಗೆ 5:10. ಅವನನ್ನು ಕೇಳಿದರೆ 'ನಾ ಅಲ್ಲ, ಅಪ್ಪ ಏನೋ ಒತ್ಯಾರ' ಅಂದ. ಅವನು ಏಳುವುದು ಏಳಕ್ಕೆ. ಇದು ನೀವು ಹೇಳಿದ ಗುರುತೇನಾ? ಅಥವಾ ಸುಮ್ನೆ ಬೆರಳು ತಾಗಿದ್ದಾ?

ಗ್ಯಾಲಿ ಪ್ರೂಫ್

ಯಾವ ಪ್ರೆಸ್ಸಿನಲ್ಲಿದ್ದವರು ಅಂತ ಕೇಳಿ ಹೇಳು ತಂಗಿ. ನನ್ನ ಜೊತೆ ಹದಿನೈದು ದಿನ ಚಹಾಕ್ಕೆ ಬಾರದವನೂ ಬೆಟಗೇರಿಯವನೇ.